ನೊರಜು ತೋರಿಸಿಕೊಟ್ಟ ಗಾಳಿಯ ದಾರಿ

1969ರ ಮಾರ್ಚ್‌ನಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಪೋರ್ಷೆ ಕಂಪನಿ ಒಂದು ಬಿಳಿ ರೇಸ್ ಕಾರನ್ನು ತಂದು ನಿಲ್ಲಿಸಿತು. ಹೆಸರು 917. ನೆಲಕ್ಕೆ ಅಂಟಿಕೊಂಡಂತಿದ್ದ ಮೈ, ಉದ್ದಕ್ಕೆ ಚಾಚಿದ ಬಾಲ, ಒಳಗೆ ಹನ್ನೆರಡು ಸಿಲಿಂಡರಿನ ಎಂಜಿನ್. ಒಂದು ವರ್ಷದ ಹಿಂದೆ ಈ ಕಾರು ಕಾಗದದ ಮೇಲೂ ಇರಲಿಲ್ಲ.

ಇಷ್ಟು ಅವಸರಕ್ಕೆ ಕಾರಣ ಒಂದು ನಿಯಮ. ಪ್ರೋಟೋಟೈಪ್ ಕಾರುಗಳ, ಅಂದರೆ ರೇಸಿಗೆಂದೇ ಬೆರಳೆಣಿಕೆಯಷ್ಟು ಮಾಡಿದ ಕಾರುಗಳ, ಎಂಜಿನ್ ಗಾತ್ರ (ಸಿಲಿಂಡರುಗಳ ಒಟ್ಟು ಒಳಅಳತೆ) 3 ಲೀಟರ್ ಮೀರಬಾರದೆಂದು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಕಟ್ಟುಪಾಡು ಹಾಕಿತ್ತು. ಆದರೆ ಒಂದೇ ಮಾದರಿಯ 50 ಕಾರುಗಳನ್ನು ತಯಾರಿಸಿದವರಿಗೆ 5 ಲೀಟರಿನವರೆಗೆ ಅವಕಾಶವಿತ್ತು. ಆ 50ನ್ನು ಒಕ್ಕೂಟ 25ಕ್ಕೆ ಇಳಿಸಿತು. ಆಗಲೇ ಓಡುತ್ತಿದ್ದ ಹಳೆಯ ದೊಡ್ಡ ಕಾರುಗಳು ಕಣದಲ್ಲಿ ಉಳಿಯಲಿ ಎನ್ನುವುದು ಉದ್ದೇಶ. ರೇಸಿಗೆಂದೇ 25 ಹೊಸ ಕಾರುಗಳನ್ನು ಕಟ್ಟುವ ಧೈರ್ಯ ಯಾರಿಗಾದರೂ ಇದ್ದೀತು ಎಂದು ನಿಯಮ ಬರೆದವರು ಎಣಿಸಿರಲಿಲ್ಲ. ಪೋರ್ಷೆಯ ಸಂಶೋಧನಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ, ಸಂಸ್ಥಾಪಕರ ಮೊಮ್ಮಗ ಫರ್ಡಿನಾಂಡ್ ಪೀಹ್‌ಗೆ ಆ ಧೈರ್ಯ ಇತ್ತು. ಪರಿಶೀಲಕರು ಮೊದಲ ಸಲ ಬಂದಾಗ ಪೂರ್ತಿಯಾಗಿದ್ದವು ಕೆಲವೇ ಕಾರುಗಳು, ಉಳಿದವು ಬಿಡಿಭಾಗಗಳ ರಾಶಿ. ಅವರು ಒಪ್ಪಲಿಲ್ಲ. ಆಮೇಲೆ ಕಚೇರಿ ಸಿಬ್ಬಂದಿಯೂ ಸೇರಿ ಜೋಡಣೆಗೆ ಕೈಹಾಕಿದರು. ಏಪ್ರಿಲ್ 21ರಂದು ಜರ್ಮನಿಯ ಸುಫನ್‌ಹೌಸನ್ ಕಾರ್ಖಾನೆಯ ಅಂಗಳದಲ್ಲಿ 25 ಕಾರುಗಳು ಸಾಲಾಗಿ ನಿಂತವು.

ಎಂಜಿನ್ ಹಾನ್ಸ್ ಮೆಟ್ಸ್‌ಗರ್ ಅವರ ಕೈಕೆಲಸ. ಮಿತಿ 5 ಲೀಟರ್ ಇದ್ದರೂ ಮೊದಲ ಎಂಜಿನ್ 4.5 ಲೀಟರ್ ಮಾತ್ರ. ಹಿಂದಿನ 908 ಕಾರಿನಲ್ಲಿ 3 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇತ್ತು. ಅದರ ಸಿಲಿಂಡರಿನ ಅಳತೆಯನ್ನೇ (ವ್ಯಾಸ 85 ಮಿ.ಮೀ., ಪಿಸ್ಟನ್ ಚಲಿಸುವ ದೂರ 66 ಮಿ.ಮೀ.) ಇಟ್ಟುಕೊಂಡು ಎಂಟನ್ನು ಹನ್ನೆರಡು ಮಾಡಿದರು. ಸಮಯ ಉಳಿಯಿತು, ನಂಬಿಕೆಗೆ ಅರ್ಹವಾದ ಭಾಗಗಳೂ ಸಿಕ್ಕವು.

ಹನ್ನೆರಡು ಸಿಲಿಂಡರುಗಳನ್ನು ಅತ್ತ ಆರು, ಇತ್ತ ಆರು ಮಲಗಿಸಿದರೆ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳ ಹೊಡೆತವನ್ನು ತಿರುಗುವ ಚಲನೆಯಾಗಿಸುವ ದಂಡ, ತುಂಬ ಉದ್ದವಾಗುತ್ತದೆ. ಉದ್ದದ ಲೋಹದ ದಂಡ ಒಂದು ತುದಿಯಿಂದ ಶಕ್ತಿ ಹೊರಹಾಕುವಾಗ ತಿರುಚಿಕೊಳ್ಳುತ್ತದೆ. ಪ್ರತಿ ಸಿಲಿಂಡರಿನ ಹೊಡೆತಕ್ಕೂ ಚೂರು ತಿರುಚಿ, ಮತ್ತೆ ಮರಳಿ, ಕಂಪಿಸುತ್ತ ಕೊನೆಗೆ ಮುರಿಯಲೂಬಹುದು. ಮೆಟ್ಸ್‌ಗರ್ ಶಕ್ತಿಯನ್ನು ತುದಿಯಿಂದ ತೆಗೆಯದೆ ನಟ್ಟನಡುವೆ ಒಂದು ಗಿಯರ್ ಇಟ್ಟು ಅಲ್ಲಿಂದ ತೆಗೆದರು. ಹಾಗಾಗಿ ದಂಡದ ಪ್ರತಿ ಅರ್ಧಕ್ಕೂ ಆರೇ ಸಿಲಿಂಡರುಗಳ ಹೊಡೆತ. ಈ ಎಂಜಿನ್ ತಣ್ಣಗಾಗುತ್ತಿದ್ದದ್ದು ಮೇಲೆ ಅಡ್ಡಲಾಗಿ ಮಲಗಿಸಿದ ದೊಡ್ಡ ಫ್ಯಾನಿನ ಗಾಳಿಯಿಂದ, ನೀರಿನಿಂದಲ್ಲ. ಮೊದಲ ರೂಪದಲ್ಲೇ 500 ಅಶ್ವಶಕ್ತಿ ಮೀರಿತ್ತು.

ತೂಕದ ವಿಷಯದಲ್ಲಿ ಪೀಹ್ ತಂಡದ ಹಟ ನನಗೆ ಇವತ್ತಿಗೂ ಬೆರಗು. ಕಾರಿನ ಒಟ್ಟು ತೂಕ ಸುಮಾರು 800 ಕಿಲೋ. ಗಿಯರ್ ಹಿಡಿಕೆಯ ಗುಂಡು ಕೂಡ ಹಗುರವಾದ ಬಾಲ್ಸಾ ಮರದ್ದು. ಚೌಕಟ್ಟು ತೆಳು ಅಲ್ಯೂಮಿನಿಯಂ ಕೊಳವೆಗಳನ್ನು ಬೆಸೆದದ್ದು, ಅದರ ತೂಕ 50 ಕಿಲೋಗೂ ಕಡಿಮೆ. ಅಷ್ಟು ಹಗುರ ಮಾಡಿದರೆ ಬೆಸುಗೆ ಬಿಡುವ ಭಯ ಇದ್ದೇ ಇರುತ್ತದೆ. ಅದಕ್ಕೂ ಉಪಾಯ ಹುಡುಕಿದರು: ಕೊಳವೆಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿ, ಒಂದು ಮಾಪಕ ಜೋಡಿಸಿದರು. ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅನಿಲ ಸೋರಿ ಮುಳ್ಳು ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಚೌಕಟ್ಟೇ ಬಾಯಿಬಿಟ್ಟು ಹೇಳುವಂತೆ ಮಾಡಿದ ಈ ಯುಕ್ತಿ ಇಡೀ ಕಾರಿನಲ್ಲೇ ನನಗೆ ಅತ್ಯಂತ ಇಷ್ಟವಾದದ್ದು.

ಇಷ್ಟೆಲ್ಲ ಇದ್ದೂ ಚಾಲಕರಿಗೆ ಈ ಕಾರು ಬೇಡವಾಗಿತ್ತು. ನೇರ ರಸ್ತೆಯಲ್ಲೂ ಅದು ಅತ್ತಿತ್ತ ಓಲಾಡುತ್ತಿತ್ತು. ಬ್ರೇಕ್ ಒತ್ತಿದರೆ ಯಾವ ಕಡೆಗೆ ತಿರುಗೀತೋ ಹೇಳುವಂತಿರಲಿಲ್ಲ. ಜರ್ಮನಿಯ ನುರ್ಬರ್ಗ್‌ರಿಂಗ್ ಟ್ರ್ಯಾಕಿನ 1000 ಕಿ.ಮೀ. ರೇಸಿಗೆ ಕಂಪನಿಯ ಚಾಲಕರು ಹತ್ತಲು ಒಪ್ಪದೆ, ಹೊರಗಿನಿಂದ ಇಬ್ಬರನ್ನು ಕರೆಸಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ರೇಸಿನಲ್ಲಿ, ಸ್ವಂತಕ್ಕೆ 917 ಕೊಂಡಿದ್ದ ಬ್ರಿಟನ್ನಿನ ಜಾನ್ ವುಲ್ಫ್ ಮೊದಲ ಸುತ್ತಿನಲ್ಲೇ ಅಪಘಾತಕ್ಕೀಡಾಗಿ ಸತ್ತರು.

ಸಸ್ಪೆನ್ಷನ್ ಮೇಲೆ ಅನುಮಾನ ಬಂತು, ಚೌಕಟ್ಟಿನ ಮೇಲೆ ಬಂತು, ಟೈರುಗಳ ಮೇಲೂ ಬಂತು. ನಿಜವಾದ ತೊಡಕು ಇದ್ದದ್ದು ಗಾಳಿಯಲ್ಲಿ. ಪೋರ್ಷೆ ಅದುವರೆಗೆ ಚಿಕ್ಕ ಎಂಜಿನ್‌ಗಳ ಕಾರು ಮಾಡಿದ ಕಂಪನಿ. ಎಂಜಿನ್ ಚಿಕ್ಕದಾದಾಗ ವೇಗ ಹೆಚ್ಚಿಸಲು ಇರುವ ದಾರಿ ಗಾಳಿಯ ತಡೆಯನ್ನು ತಗ್ಗಿಸುವುದು. ಮೈ ನುಣುಪು, ಬಾಲ ಉದ್ದ, ಹಿಂಭಾಗ ಮೆಲ್ಲಗೆ ಇಳಿಜಾರು. ಲೆ ಮಾನ್ಸ್‌ನಲ್ಲಿ ಆಗ ಸುಮಾರು 6 ಕಿ.ಮೀ. ಉದ್ದದ ನೇರ ರಸ್ತೆ ಇತ್ತು, ಅಲ್ಲಿ ಈ ಆಕಾರಕ್ಕೆ ಬೆಲೆಯೂ ಇತ್ತು. ಆದರೆ ಬಾಗಿದ ಮೈಮೇಲೆ ಗಾಳಿ ವೇಗವಾಗಿ ಹರಿದರೆ ಅಲ್ಲಿ ಒತ್ತಡ ಕಡಿಮೆಯಾಗಿ, ಕಾರನ್ನು ಮೇಲೆತ್ತುವ ಬಲ ಹುಟ್ಟುತ್ತದೆ. ಆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಮನಕ್ಕೇ ಬಾರದ ಎತ್ತುವಿಕೆ 300 ಕಿ.ಮೀ.ಗೆ ಒಂಬತ್ತು ಪಟ್ಟಾಗುತ್ತದೆ. ಕಾರಿನ ತೂಕವೋ ಅಷ್ಟೇ. ಹಿಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾದರೆ ಟೈರಿಗೆ ಹಿಡಿತ ತಪ್ಪುತ್ತದೆ, ಬಾಲ ತನಗೆ ಬೇಕಾದ ಕಡೆ ಹೋಗುತ್ತದೆ. ಹಿಂದಿನ ಎಂಜಿನ್‌ಗಳು ಇಂಥ ವೇಗ ಮುಟ್ಟಿರಲಿಲ್ಲ, ಅದಕ್ಕೇ ಈ ದೋಷ ಮೊದಲು ಕಣ್ಣಿಗೆ ಬಿದ್ದಿರಲಿಲ್ಲ.

1969ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಜೆಲ್ಟ್‌ವೆಗ್ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆಯಿತು. ಮುಂದಿನ ವರ್ಷದ ರೇಸುಗಳಿಗೆ ಈ ಕಾರನ್ನು ಓಡಿಸುವ ಹೊಣೆಯನ್ನು ಜಾನ್ ವೈಯರ್ ಅವರ ಇಂಗ್ಲಿಷ್ ತಂಡಕ್ಕೆ ಪೋರ್ಷೆ ಒಪ್ಪಿಸಿತ್ತು. ಇದೇ ಚೌಕಟ್ಟು, ಇದೇ ಎಂಜಿನ್ ಇದ್ದ ಮೇಲ್ಛಾವಣಿಯಿಲ್ಲದ ಇನ್ನೊಂದು ಕಾರೂ ಅಲ್ಲಿಗೆ ಬಂದಿತ್ತು, ಅದು ಚಾಲಕರ ಮಾತು ಕೇಳುತ್ತಿತ್ತು. ಅಂದಮೇಲೆ ತಪ್ಪು ಮೇಲಿನ ಮೈಯದ್ದೇ. ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಓಡಿ ಬಂದು ನಿಂತ 917ರ ಸುತ್ತ ನಡೆದು ನೋಡಿದರು. ಮೂತಿಯ ಮೇಲೆ, ಗಾಜಿನ ಮೇಲೆ ಸತ್ತ ನೊರಜುಗಳು ಮೆತ್ತಿಕೊಂಡಿದ್ದವು. ಬಾಲದ ತುದಿಯ ಪಟ್ಟಿಗಳ ಮೇಲೆ ಮಾತ್ರ ಹೆಚ್ಚುಕಡಿಮೆ ಏನೂ ಇರಲಿಲ್ಲ. ನೊರಜು ಗಾಳಿಯ ಜೊತೆಗೇ ಸಾಗುವ ಜೀವ. ಅದು ಬಾಲಕ್ಕೆ ಬಡಿದಿಲ್ಲವೆಂದರೆ ಗಾಳಿಯೇ ಅಲ್ಲಿಗೆ ತಲುಪಿಲ್ಲ. ಹಿಂಭಾಗವನ್ನು ಕೆಳಕ್ಕೆ ಒತ್ತಲೆಂದು ಇಟ್ಟ ಪಟ್ಟಿಗಳ ಮೇಲಿನಿಂದ ಗಾಳಿ ಹಾರಿಹೋಗುತ್ತಿತ್ತು.

ಅಲ್ಲೇ ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ರಿವೆಟ್ ಹೊಡೆದು, ಟೇಪ್ ಅಂಟಿಸಿ ಹೊಸ ಹಿಂಭಾಗ ಕಟ್ಟಿದರು. ಕೆಳಗಿಳಿಯುತ್ತಿದ್ದ ಬಾಲ ಈಗ ಗಿಡ್ಡವಾಗಿ ಮೇಲಕ್ಕೆದ್ದಿತ್ತು. ಮತ್ತೆ ಓಡಿಸಿದಾಗ ಚಾಲಕರ ದೂರು ನಿಂತಿತು. ಗಾಳಿಯ ತಡೆ ಹೆಚ್ಚಾಗಿ ಗರಿಷ್ಠ ವೇಗ ತಗ್ಗಿತು, ನಿಜ. ಆದರೆ ಧೈರ್ಯವಾಗಿ ತಿರುವು ತೆಗೆದುಕೊಳ್ಳಬಹುದಾದ ಕಾರು ಒಟ್ಟು ಸುತ್ತನ್ನು ಬೇಗ ಮುಗಿಸುತ್ತದೆ. ಕಂಪ್ಯೂಟರಿನಲ್ಲಿ ಗಾಳಿಯ ಹರಿವನ್ನು ಬಿಡಿಸಿ ನೋಡುವ ಸೌಲಭ್ಯ ಇಲ್ಲದ ಕಾಲದಲ್ಲಿ, ಎಲ್ಲರ ಕಣ್ಣಮುಂದೆಯೇ ಇದ್ದ ಕೊಳೆಯನ್ನು ಮಾಹಿತಿಯೆಂದು ಓದಿದ ಹಾರ್ಸ್‌ಮನ್ ಅವರನ್ನು ನಾನು ದೊಡ್ಡ ವಿಜ್ಞಾನಿಗಳ ಸಾಲಿನಲ್ಲೇ ಇಡುತ್ತೇನೆ.

ಹೊಸ ಬಾಲದ ಈ ರೂಪಕ್ಕೆ 917ಕೆ ಎಂದು ಹೆಸರಾಯಿತು. 1970ರ ಜೂನ್‌ನಲ್ಲಿ, ಮಳೆ ಸುರಿದ ಲೆ ಮಾನ್ಸ್‌ನಲ್ಲಿ ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಅದರಲ್ಲಿ ಗೆದ್ದರು. ಆ ರೇಸಿನಲ್ಲಿ ಪೋರ್ಷೆಗೆ ಅದು ಮೊದಲ ಒಟ್ಟಾರೆ ಗೆಲುವು. ಮರುವರ್ಷ ಹೆಲ್ಮುಟ್ ಮಾರ್ಕೊ ಮತ್ತು ಹೀಸ್ ಫಾನ್ ಲೆನೆಪ್, ಮೆಗ್ನೀಸಿಯಂ ಚೌಕಟ್ಟಿನ ಇನ್ನೂ ಹಗುರವಾದ 917ಕೆಯಲ್ಲಿ 24 ಗಂಟೆಗೆ 5,335 ಕಿ.ಮೀ. ಓಡಿಸಿದರು. ಆ ದೂರವನ್ನು ಮೀರಿಸಲು 2010 ಬರಬೇಕಾಯಿತು.

1971ರ ಕೊನೆಗೆ ನಿಯಮ ಮತ್ತೆ ಬದಲಾಗಿ ದೊಡ್ಡ ಎಂಜಿನ್‌ಗಳಿಗೆ ಯುರೋಪಿನ ಬಾಗಿಲು ಮುಚ್ಚಿತು. 917 ಮೇಲ್ಛಾವಣಿ ಕಳಚಿಕೊಂಡು ಉತ್ತರ ಅಮೆರಿಕದ ಕ್ಯಾನ್-ಆ್ಯಮ್ ಸರಣಿಗೆ ಹೋಯಿತು. ಅಲ್ಲಿ ಅದಕ್ಕೆ ಟರ್ಬೊ ಜೋಡಿಸಿದರು. ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನವದು. 1973ರ 917/30 ರೂಪದಲ್ಲಿ ಶಕ್ತಿ 1,000 ಅಶ್ವಶಕ್ತಿ ದಾಟಿ, ಮಾರ್ಕ್ ಡೊನೊಹ್ಯೂ ಆ ವರ್ಷದ ಸರಣಿಯನ್ನೇ ಗೆದ್ದರು. ಟರ್ಬೊದ ತುಂಟತನವೆಂದರೆ ಪೆಡಲ್ ಒತ್ತಿದ ಕ್ಷಣಕ್ಕೆ ಅದು ಸ್ಪಂದಿಸದೆ, ಸ್ವಲ್ಪ ತಡೆದು, ಆಮೇಲೆ ಒಮ್ಮೆಗೇ ನುಗ್ಗುತ್ತದೆ. ಹೆಚ್ಚಾದ ಹೊಗೆಯನ್ನು ಕವಾಟದ ಮೂಲಕ ಬೇರೆ ದಾರಿಗೆ ಬಿಟ್ಟು ಒತ್ತಡವನ್ನು ಹದದಲ್ಲಿಡುವ ಕೆಲಸವನ್ನು ಪೋರ್ಷೆಯವರು ಈ ಕಾರಿನಲ್ಲೇ ಪಳಗಿಸಿಕೊಂಡರು. ಅದೇ ಪಾಠದ ಬಲದಿಂದ, 1974ರ ಪ್ಯಾರಿಸ್ ಪ್ರದರ್ಶನದಲ್ಲಿ, ರಸ್ತೆಯಲ್ಲಿ ಯಾರೂ ಓಡಿಸಬಹುದಾದ 911 ಟರ್ಬೊವನ್ನು ಹೊರತಂದರು.