ಪ್ರೋಗ್ರಾಮ್ ಕಳಿಸಿದ ಇಮೇಲ್‌ಗೆ ಹೊಣೆ ಯಾರದು?

ರೈಲು ಟಿಕೆಟ್ ಬುಕ್ ಮಾಡಿದ ಕೂಡಲೇ ಬರುವ ಇಮೇಲ್, ತಿಂಗಳ ಕೊನೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಮರೆತಾಗ ಬರುವ ಲಿಂಕ್ ಇವನ್ನೆಲ್ಲ ಯಾರೂ ಕೂತು ಬರೆದಿರುವುದಿಲ್ಲ. ಎಲ್ಲೋ ಒಂದು ಪ್ರೋಗ್ರಾಮ್ ಅವನ್ನು ಜೋಡಿಸಿ ಕಳಿಸಿರುತ್ತದೆ. ಇದು ದೊಡ್ಡ ಕಂಪನಿಗಳಿಗಷ್ಟೇ ಸಾಧ್ಯವಾದ ಕೆಲಸವೂ ಅಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರುಮಾಡಿದ ವಿದ್ಯಾರ್ಥಿ ಹತ್ತು ಹನ್ನೆರಡು ಸಾಲಿನಲ್ಲಿ ಇದನ್ನು ಮಾಡಬಲ್ಲ. ಆದರೆ ಆ ಹತ್ತು ಸಾಲು ನಡೆಸುವ ಮಾತುಕತೆ ಏನೆಂದು ತಿಳಿಯದೆ ಬರೆದ ಪ್ರೋಗ್ರಾಮ್, ಒಂದಲ್ಲ ಒಂದು ದಿನ ಯಾರದೋ ಮುಖ್ಯವಾದ ಪತ್ರವನ್ನು ಸದ್ದಿಲ್ಲದೆ ಕಳೆದುಬಿಡುತ್ತದೆ. ಆದ್ದರಿಂದಲೇ ಈ ಮಾತುಕತೆಯನ್ನು ಒಮ್ಮೆ ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು.

ಮಾತುಕತೆ ಎಂದದ್ದು ಅಲಂಕಾರಕ್ಕಲ್ಲ. ಇಮೇಲ್ ಸಾಗಿಸಲು ಇರುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೊನಾಥನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಎರಡು ಕಂಪ್ಯೂಟರುಗಳು ಮನುಷ್ಯರು ಓದಬಲ್ಲ ಪದಗಳಲ್ಲೇ ಮಾತಾಡುತ್ತವೆ. ಪ್ರೋಗ್ರಾಮ್ ಮೇಲ್ ಸರ್ವರಿಗೆ, ಅಂದರೆ ಪತ್ರಗಳನ್ನು ಪಡೆದು ಮುಂದೆ ಸಾಗಿಸುವ ಕಂಪ್ಯೂಟರಿಗೆ, ಸಂಪರ್ಕ ತೆರೆದು ಕಾಯುತ್ತದೆ. ಮೊದಲು ಬಾಯಿ ತೆರೆಯಬೇಕಾದದ್ದು ಸರ್ವರ್. ಅದು ‘220’ ಎನ್ನುತ್ತದೆ, ಅಂದರೆ ನಾನು ಸಿದ್ಧ. ಪ್ರೋಗ್ರಾಮ್ ‘ಹೆಲೊ’ ಎಂದು ತನ್ನ ಯಂತ್ರದ ಹೆಸರು ಹೇಳುತ್ತದೆ. ‘250’, ಆಗಲಿ. ‘ಮೇಲ್ ಫ್ರಮ್’ ಎಂದು ಕಳಿಸುವವರ ವಿಳಾಸ. ‘250’. ‘ಆರ್‌ಸಿಪಿಟಿ ಟು’ ಎಂದು ತಲುಪಬೇಕಾದವರ ವಿಳಾಸ. ಅಂಥವರಿದ್ದರೆ ‘250’, ಇಲ್ಲವಾದರೆ ‘550’. ಆಮೇಲೆ ‘ಡೇಟಾ’ ಎಂದರೆ ಸರ್ವರ್ ‘354’ ಎನ್ನುತ್ತದೆ: ಹೇಳುವುದನ್ನೆಲ್ಲ ಹೇಳು, ಮುಗಿದ ಮೇಲೆ ಒಂದು ಸಾಲಿನಲ್ಲಿ ಬರೀ ಚುಕ್ಕೆ ಇಡು.

ಆ ಚುಕ್ಕೆ ನನಗೆ ಬಹಳ ಇಷ್ಟ. ಪತ್ರದ ಒಳಗೇ ಯಾರಾದರೂ ಚುಕ್ಕೆಯೊಂದನ್ನೇ ಒಂದು ಸಾಲಿನಲ್ಲಿ ಬರೆದಿದ್ದರೆ? ಪತ್ರ ಅಲ್ಲೇ ತುಂಡಾಗಬಾರದಲ್ಲ. ಅದಕ್ಕಾಗಿ ಚುಕ್ಕೆಯಿಂದ ಶುರುವಾಗುವ ಪ್ರತಿ ಸಾಲಿಗೂ ಕಳಿಸುವ ಪ್ರೋಗ್ರಾಮ್ ಇನ್ನೊಂದು ಚುಕ್ಕೆ ಸೇರಿಸುತ್ತದೆ, ಪಡೆದ ಸರ್ವರ್ ಅದನ್ನು ತೆಗೆದುಹಾಕುತ್ತದೆ. ನಾಲ್ಕು ದಶಕಗಳಿಂದ ಹೀಗೇ ನಡೆದುಬಂದಿದೆ.

ಕೊನೆಯ ಚುಕ್ಕೆಯ ನಂತರ ಸರ್ವರ್ ಇನ್ನೊಮ್ಮೆ ‘250’ ಎನ್ನುತ್ತದೆ. ಇಡೀ ವ್ಯವಸ್ಥೆಯ ಜೀವ ಇರುವುದು ಈ ಕೊನೆಯ 250ರಲ್ಲಿ. ಪತ್ರ ಓದುವವರ ಇನ್‌ಬಾಕ್ಸ್ ಸೇರಿತು ಎಂದು ಅದು ಹೇಳುತ್ತಿಲ್ಲ. ಇನ್ನು ಇದರ ಹೊಣೆ ನನ್ನದು ಎಂದು ಹೇಳುತ್ತಿದೆ, ಅಷ್ಟೇ. ಹಾಗೆ ಒಪ್ಪಿಕೊಂಡ ಸರ್ವರ್ ಮುಂದಿನ ಸರ್ವರಿಗೆ ಪತ್ರ ದಾಟಿಸಬೇಕು, ಆಗದಿದ್ದರೆ ಆಗಲಿಲ್ಲವೆಂದು ಕಳಿಸಿದವರಿಗೆ ತಿಳಿಸಬೇಕು. ಯಂತ್ರ ನಡುವೆ ಕೆಟ್ಟು ನಿಂತಿತು ಎಂಬ ಕಾರಣಕ್ಕೆ ಪತ್ರ ಕಳೆಯುವಂತಿಲ್ಲ ಎಂದು 2008ರ ಪರಿಷ್ಕೃತ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ‘ಕಳಿಸಲಾಗಿದೆ’ ಎಂದು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ತೋರಿಸುವ ಎಷ್ಟೋ ಪ್ರೋಗ್ರಾಮ್‌ಗಳಿಗೆ ನಿಜವಾಗಿ ಗೊತ್ತಿರುವುದು ಮೊದಲ ಸರ್ವರಿನ 250 ಮಾತ್ರ.

‘ಮೇಲ್ ಫ್ರಮ್’ ಮತ್ತು ‘ಆರ್‌ಸಿಪಿಟಿ ಟು’ ಸೇರಿ ಲಕೋಟೆಯ ಮೇಲಿನ ವಿಳಾಸವಿದ್ದಂತೆ. ನಮಗೆ ಇನ್‌ಬಾಕ್ಸಿನಲ್ಲಿ ಕಾಣುವ ‘ಇಂದ’, ‘ಗೆ’ ಸಾಲುಗಳು ಒಳಗಿನ ಕಾಗದದ ಮೇಲೆ ಬರೆದವು. ಎರಡೂ ಒಂದೇ ಇರಬೇಕೆಂದೇನೂ ಇಲ್ಲ. ಉಳಿದವರಿಗೆ ಕಾಣದಂತೆ ಪ್ರತಿ ಕಳಿಸುವ ಬಿಸಿಸಿ ಕೆಲಸ ಮಾಡುವುದು ಹೀಗೇ: ಆ ವಿಳಾಸ ಲಕೋಟೆಯ ಮೇಲಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಮೋಸ ನಡೆಯುವುದೂ ಇದೇ ಬಿರುಕಿನಲ್ಲಿ. 1982ರ ನಿಯಮಗಳಲ್ಲಿ ‘ಇಂದ’ ಎಂಬಲ್ಲಿ ಏನು ಬರೆದರೂ ಪರೀಕ್ಷಿಸುವವರಿರಲಿಲ್ಲ. ಆಗಿನ ಜಾಲದಲ್ಲಿದ್ದವು ಬಹುತೇಕ ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು. ಪರಸ್ಪರ ನಂಬಿಕೆಯೇ ಸಾಕಾಗಿತ್ತು. ಸುಳ್ಳು ವಿಳಾಸದ ಪತ್ರಗಳು ಹೆಚ್ಚಿದ ಮೇಲೆ ತಪಾಸಣೆಗಳು ಒಂದೊಂದಾಗಿ ಬಂದವು. ಯಾವ ಸರ್ವರ್‌ಗಳು ನನ್ನ ಹೆಸರಿನಲ್ಲಿ ಕಳಿಸಬಹುದು ಎಂದು ಡೊಮೈನ್ (ಇಮೇಲ್ ವಿಳಾಸದಲ್ಲಿ @ ನಂತರದ ಹೆಸರು) ಮಾಲೀಕರು ಬಹಿರಂಗವಾಗಿ ಪ್ರಕಟಿಸುವ ಎಸ್‌ಪಿಎಫ್. ಪತ್ರಕ್ಕೆ ಗಣಿತದ ಸಹಿ ಹಾಕುವ ಡಿಕಿಮ್. ಈ ಎರಡರ ಫಲಿತಾಂಶವನ್ನು ನಮಗೆ ಕಾಣುವ ‘ಇಂದ’ ವಿಳಾಸದೊಂದಿಗೆ ತಾಳೆ ನೋಡುವ ಡಿಮಾರ್ಕ್. 2024ರ ಫೆಬ್ರುವರಿಯಿಂದ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ಹಾಗಾಗಿ ಇವತ್ತು ಪ್ರೋಗ್ರಾಮ್ ಬರೆಯುವುದು ಅರ್ಧ ಕೆಲಸ. ಡೊಮೈನಿನ ದಾಖಲೆಗಳನ್ನು ಸರಿಪಡಿಸುವುದು ಇನ್ನರ್ಧ.

ಈ ದಾರಿಯಲ್ಲಿ ಕನ್ನಡ ಹೇಗೆ ಸಾಗುತ್ತದೆ? ಎಸ್‌ಎಂಟಿಪಿ ಹುಟ್ಟಿದಾಗ ಸಾಗಿಸಲು ಒಪ್ಪಿದ್ದು 7 ಬಿಟ್‌ಗಳ (ಸೊನ್ನೆ ಅಥವಾ ಒಂದು ಎಂಬ ಅಂಕಿಗಳ) ಆಸ್ಕಿ ಸಂಕೇತಗಳನ್ನು ಮಾತ್ರ. ಇಂಗ್ಲಿಷಿನ ಅಕ್ಷರ, ಅಂಕಿ, ಕೆಲವು ಚಿಹ್ನೆ, ಅಲ್ಲಿಗೆ ಮುಗಿಯಿತು. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ‘ಮೈಮ್’ ರೂಪಿಸಿದರು. ಬೇರೆ ಭಾಷೆಯ ಬರಹವನ್ನೂ ಚಿತ್ರವನ್ನೂ ಆಸ್ಕಿಯ ವೇಷದಲ್ಲಿ ದಾಟಿಸುವ ವಿಧಾನ ಅದು. ಅದರ ಬೇಸ್64 ಎಂಬ ಬಗೆಯಲ್ಲಿ ಪ್ರತಿ 3 ಬೈಟ್‌ಗಳು (ಒಂದು ಬೈಟ್ ಎಂದರೆ 8 ಬಿಟ್) 4 ಆಸ್ಕಿ ಅಕ್ಷರಗಳಾಗುತ್ತವೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್, ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಬಗೆ ಯುಟಿಎಫ್-8. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ ಸರಿಯಾಗಿ 3 ಬೈಟ್! ಎರಡು ಲೆಕ್ಕಗಳೂ ಅಚ್ಚುಕಟ್ಟಾಗಿ ಕೂಡಿಬರುತ್ತವೆ. ‘ನಮಸ್ಕಾರ’ ಪದದಲ್ಲಿ ನ, ಮ, ಸ, ಹಲಂತ, ಕ, ದೀರ್ಘದ ಚಿಹ್ನೆ, ರ ಹೀಗೆ 7 ಸಂಕೇತಗಳಿವೆ, 21 ಬೈಟ್, ಬೇಸ್64ರಲ್ಲಿ 28 ಅಕ್ಷರ. ಆ 28ನ್ನು ನಾಲ್ಕು ನಾಲ್ಕಾಗಿ ಬಿಡಿಸಿದರೆ ಪ್ರತಿ ಗುಂಪೂ 4 ಎಂಬ ಅಂಕಿ ಮತ್ತು ‘ಎಲ್’ ಅಕ್ಷರದಿಂದ ಶುರುವಾಗುತ್ತದೆ, ಮೂರನೆಯದು ‘ಕೆ’ ಅಥವಾ ‘ಓ’. ನಿಜವಾಗಿ ಬದಲಾಗುವುದು ನಾಲ್ಕನೆಯದು. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳೆಲ್ಲ ಒಂದೇ ಕೇರಿಯಲ್ಲಿ ಒತ್ತಾಗಿ ನೆಲೆಸಿರುವುದೇ ಇದಕ್ಕೆ ಕಾರಣ. ಪದಗಳ ನಡುವೆ ಬಿಡುವ ಜಾಗ ಒಂದೇ ಬೈಟ್ ಆದ್ದರಿಂದ ಎರಡನೆಯ ಪದದಿಂದ ಈ ಸಾಲು ಕದಲುತ್ತದೆ.

ಪ್ರೋಗ್ರಾಮ್ ಬರೆದವರು ‘ಇದು ಯುಟಿಎಫ್-8’ ಎಂಬ ಸಾಲನ್ನು ಪತ್ರದ ತಲೆಬರಹದಲ್ಲಿ ಸೇರಿಸಲು ಮರೆತರೆ, ಓದುವ ತಂತ್ರಾಂಶ ಆ ಬೈಟ್‌ಗಳನ್ನು ಪಶ್ಚಿಮ ಯುರೋಪಿನ ಲಿಪಿಯೆಂದು ತಿಳಿಯಬಹುದು. ಆಗ ತಲೆಯ ಮೇಲೆ ಓರೆ ಗೀಟಿರುವ ಸಣ್ಣ ‘ಎ’, ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಮತ್ತೆ ಮತ್ತೆ ಅದೇ ಕಾಣುತ್ತದೆ. ಅಂಥ ಪತ್ರ ಬಂದರೆ ಅಳಿಸಬೇಡಿ. ಕನ್ನಡ ಹಾಗೇ ಒಳಗಿರುತ್ತದೆ, ಸಂಕೇತವನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಸಾಮಾನ್ಯವಾಗಿ ಮರಳಿ ಓದಬಹುದು. ಇಂಗ್ಲಿಷ್ ಅಕ್ಷರಗಳ ನಡುವೆ ಗೀಟಿರುವ ದೊಡ್ಡ ‘ಎ’ ತುಂಬಿದ್ದರೆ ಮಾತ್ರ ಕಥೆ ಬೇರೆ. ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹವಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಪರಿವರ್ತಕ ತಂತ್ರಾಂಶವೇ ಬೇಕು. ಪತ್ರದ ವಿಷಯದ ಸಾಲಿಗೆ ಮತ್ತೊಂದು ನಿಯಮವಿದೆ, ಅದನ್ನು ಪ್ರತ್ಯೇಕವಾಗಿ ಆಸ್ಕಿಯಲ್ಲಿ ಸುತ್ತಿಡಬೇಕು. ಪೈಥಾನಿನ ಈಗಿನ ಇಮೇಲ್ ಲೈಬ್ರರಿ (ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹ) ಇಷ್ಟನ್ನೂ ತಾನೇ ನೋಡಿಕೊಳ್ಳುತ್ತದೆ. ಅಕ್ಷರಗಳನ್ನು ಕೈಯಾರೆ ಪೋಣಿಸಿ ಪತ್ರ ತಯಾರಿಸುವವರಿಗೇ ತೊಂದರೆ.

ಇನ್ನು ‘ಇಲ್ಲ’ ಎಂಬ ಉತ್ತರಗಳ ವಿಷಯ. 5ರಿಂದ ಶುರುವಾಗುವ ಸಂಖ್ಯೆಗೆ ಈ ಪತ್ರ ಹೋಗದು ಎಂದರ್ಥ. ಮತ್ತೆ ಮತ್ತೆ ಕಳಿಸಿದರೆ ನಿಮ್ಮ ಸರ್ವರಿನ ಹೆಸರು ಕೆಡುತ್ತದೆ. 4ರಿಂದ ಶುರುವಾದರೆ ಈಗ ಬೇಡ, ಆಮೇಲೆ ಬಾ ಎಂದರ್ಥ. ಕೆಲವು ಸರ್ವರ್‌ಗಳು ಅಪರಿಚಿತರಿಗೆಲ್ಲ ಮೊದಲ ಸಲ ಬೇಕೆಂದೇ ಹೀಗೆ ಹೇಳುತ್ತವೆ. ಕಸದ ಪತ್ರ ಎಸೆಯುವ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಕಾಯುವುದಿಲ್ಲ, ಪ್ರಾಮಾಣಿಕ ಸರ್ವರ್ ಕಾದು ಮರಳಿ ಬರುತ್ತದೆ. ನಿಯಮಾವಳಿ ಸೂಚಿಸುವ ಪ್ರಕಾರ ಕನಿಷ್ಠ ಅರ್ಧ ಗಂಟೆಯ ಅಂತರ ಬಿಟ್ಟು, 4-5 ದಿನಗಳ ತನಕ ಯತ್ನಿಸಿ ನೋಡಬೇಕು. ಈ ತಾಳ್ಮೆ ಸರ್ವರುಗಳಿಗೆ ಇದೆ, ಹತ್ತು ಸಾಲಿನ ಪ್ರೋಗ್ರಾಮಿಗೆ ಇರುವುದಿಲ್ಲ. ಅದಕ್ಕೇ ಆ ಪ್ರೋಗ್ರಾಮ್, ಪ್ರಪಂಚದ ಸರ್ವರುಗಳ ಬಾಗಿಲನ್ನೆಲ್ಲ ತಾನೇ ಬಡಿಯುವುದಕ್ಕಿಂತ, ತನ್ನದೇ ಸಂಸ್ಥೆಯ ಮೇಲ್ ಸರ್ವರಿಗೆ 587ನೇ ಪೋರ್ಟಿನಲ್ಲಿ (ಪತ್ರ ಒಪ್ಪಿಸಲೆಂದು ಇಟ್ಟ ಸಂಖ್ಯೆಯ ಬಾಗಿಲು) ಪಾಸ್‌ವರ್ಡ್ ಕೊಟ್ಟು ಪತ್ರ ಒಪ್ಪಿಸಿಬಿಡುವುದೇ ಸರಿ.

ಒಪ್ಪಿಸುವಾಗಲೂ ಎಚ್ಚರ ಬೇಕು. ಪೈಥಾನಿನ ಎಸ್‌ಎಂಟಿಪಿ ಲೈಬ್ರರಿಗೆ ಹತ್ತು ವಿಳಾಸ ಕೊಟ್ಟು, ಸರ್ವರ್ ಅದರಲ್ಲಿ ಒಂಬತ್ತನ್ನು ನಿರಾಕರಿಸಿದರೂ, ಒಂದು ಒಪ್ಪಿತವಾಯಿತೆಂದು ಅದು ದೋಷ ತೋರಿಸದೆ ಮುಗಿಸುತ್ತದೆ. ನಿರಾಕೃತ ವಿಳಾಸಗಳ ಪಟ್ಟಿಯನ್ನು ಉತ್ತರವಾಗಿ ಹಿಂದಿರುಗಿಸುತ್ತದೆ. ಅದನ್ನು ತೆರೆದು ನೋಡುವುದು ಪ್ರೋಗ್ರಾಮ್ ಬರೆದವರ ಕೆಲಸ. ಆಮೇಲೆ ದಾರಿಯಲ್ಲಿ ಸೋತ ಪತ್ರಗಳ ವರದಿ ‘ಮೇಲ್ ಫ್ರಮ್’ ವಿಳಾಸಕ್ಕೆ ಬರುತ್ತದೆ. ಆ ವರದಿಯ ಲಕೋಟೆಯಲ್ಲಿ ಕಳಿಸಿದವರ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ, ಎರಡು ಸರ್ವರುಗಳು ಕೊನೆಯಿಲ್ಲದಂತೆ ಪರಸ್ಪರ ವರದಿ ಎಸೆದಾಡದಿರಲಿ ಎಂದು. ಅಂದರೆ ವರದಿಯೇ ಕಳೆದುಹೋದರೆ ಮತ್ತೆ ತಿಳಿಸುವವರಿಲ್ಲ. ವಿದ್ಯಾರ್ಥಿವೇತನದ ಮಾಹಿತಿಯನ್ನೋ ಆಸ್ಪತ್ರೆಯ ವರದಿಯನ್ನೋ ಕಳಿಸುವ ಪ್ರೋಗ್ರಾಮ್ ಬರೆಯುವವರು ಆ ವಿಳಾಸವನ್ನು ಯಾರೂ ತೆರೆಯದ ಖಾತೆಗೆ ಕಟ್ಟದೆ, ಬಂದ ವರದಿಗಳನ್ನು ದಿನವೂ ಓದಿ, ತಲುಪದವರಿಗೆ ಫೋನ್ ಮೂಲಕವಾದರೂ ತಿಳಿಸುವ ಏರ್ಪಾಡನ್ನು ಮೊದಲ ದಿನವೇ ಮಾಡಿಕೊಳ್ಳಬೇಕು.