ಕ್ಲಾಸಿಕ್ ಲೆದರ್ ಸೋಫಾ: ಕೂತ ಮೇಲಿನ ಅಳತೆ ಮತ್ತು ಮಳೆಗಾಲದ ಲೆಕ್ಕ

ಇಂಟೀರಿಯರ್ ಡಿಸೈನ್ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಪ್ರಾಕ್ಟಿಕಲ್‌ಗೆ ನಾನು ತೆಗೆದುಕೊಂಡದ್ದು ಒಂದು ಹಳೆಯ ಲೆದರ್ ಸೋಫಾ. ದಿನಬಳಕೆಗೆ ಅದು ಎಷ್ಟು ಹಿತ, ಎಷ್ಟು ಅನುಕೂಲ ಅಂತ ಅಳೆದು ಹೇಳಬೇಕು. ಕೊಡಗಿನ ಸಿದ್ದಾಪುರದ ಹತ್ತಿರ ಮಾವನ ತೋಟದ ಮನೆಯಲ್ಲಿ ಮೂರು ಜನ ಕೂರುವ ಚೆಸ್ಟರ್‌ಫೀಲ್ಡ್ ಬಗೆಯ ಸೋಫಾ ಇದೆ. ಮಡಿಚಿ ಸುತ್ತಿದ ದುಂಡು ಕೈಗಳು, ಕೈಗಳಷ್ಟೇ ಎತ್ತರದ ಬೆನ್ನು, ಆಳಕ್ಕೆ ಎಳೆದು ಕಟ್ಟಿದ ಗುಂಡಿಗಳು. ಕ್ಲಾಸಿಕ್ ಅಂದರೆ ಇದೊಂದೇ ಅಲ್ಲ. 1928ರಲ್ಲಿ ಲೆ ಕಾರ್ಬೂಸಿಯೆ, ಪಿಯೆರ್ ಜನ್ನರೆ, ಷಾರ್ಲೆಟ್ ಪೆರಿಯಾಂ ಎಂಬ ವಿನ್ಯಾಸಕರು ಸೇರಿ ಮಾಡಿದ ಸ್ಟೀಲ್ ಕೊಳವೆಯ ಚೌಕಟ್ಟಿನ ಲೆದರ್ ಕುರ್ಚಿಯೂ ಇದೇ ಸಾಲಿಗೆ ಬರುತ್ತದೆ. ಆದರೆ ನಮ್ಮ ಕಡೆಯ ಹಳೆ ಬಂಗಲೆ, ಹೋಂಸ್ಟೇಗಳಲ್ಲಿ ಕಣ್ಣಿಗೆ ಬೀಳುವುದು ಚೆಸ್ಟರ್‌ಫೀಲ್ಡ್ ಬಗೆಯೇ ಜಾಸ್ತಿ. ಹಾಗಾಗಿ ಉದಾಹರಣೆ ಅದೇ.

ಬಣ್ಣ, ಅಂದ, ಕೋಣೆಗೆ ಹೊಂದುತ್ತದಾ ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ. ಅದು ಎಲ್ಲರ ನೋಟ್ಸ್‌ನಲ್ಲೂ ಇದೆ.

ಖಾಲಿ ಸೋಫಾದ ಅಳತೆ ಬೇರೆ, ಕೂತ ಸೋಫಾದ ಅಳತೆ ಬೇರೆ

ನಾನು ಜಾಸ್ತಿ ತಿಣುಕಿದ್ದು ಇಲ್ಲೇ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಅಂಗಡಿಯ ಚೀಟಿಯಲ್ಲಿ ಇರುವುದೆಲ್ಲ ಖಾಲಿ ಸೋಫಾದ ಅಳತೆ. ಮಾವನ ಸೋಫಾ ಖಾಲಿ ಇದ್ದಾಗ ಹೀಗಿದೆ: ನೆಲದಿಂದ ಸೀಟಿನ ಎತ್ತರ 46 ಸೆಂ.ಮೀ., ಸೀಟಿನ ಆಳ 56 ಸೆಂ.ಮೀ., ನೆಲದಿಂದ ಕೈ ಮತ್ತು ಬೆನ್ನಿನ ಎತ್ತರ 74 ಸೆಂ.ಮೀ. ಅಂದರೆ ಸೀಟಿನಿಂದ ಕೈ 28 ಸೆಂ.ಮೀ. ಮೇಲಿದೆ.

ಇನ್ನು ಮನುಷ್ಯರ ಅಳತೆ. ಮುಖ್ಯವಾಗಿ ಎರಡು ಬೇಕು. ಒಂದು, ಕೂತಾಗ ನೆಲದಿಂದ ಮಂಡಿಯ ಹಿಂಭಾಗದವರೆಗಿನ ಎತ್ತರ. ಇನ್ನೊಂದು, ಕುಂಡೆಯ ಹಿಂಭಾಗದಿಂದ ಮಂಡಿಯ ಹಿಂಭಾಗದವರೆಗಿನ ಉದ್ದ. ನನ್ನದು 41 ಮತ್ತು 46. ಅಜ್ಜಿಯದು 37 ಮತ್ತು 42. ಗೋಡೆಗೆ ಒತ್ತಿಟ್ಟ ಮರದ ಸ್ಟೂಲ್ ಮೇಲೆ ಕೂರಿಸಿ ಅಳೆದರೆ ಸರಿಯಾಗಿ ಸಿಗುತ್ತದೆ. ಮೆತ್ತನೆಯ ಕುರ್ಚಿಯಲ್ಲಿ ಅಳೆಯಬೇಡಿ.

ಇವೆರಡನ್ನೂ ಪಕ್ಕಪಕ್ಕ ಇಟ್ಟು ಕಳೆದರೆ ಉತ್ತರ ಬರುವುದಿಲ್ಲ. ಯಾಕೆ? ಕೂತ ತಕ್ಷಣ ಸೋಫಾದ ಅಳತೆಯೇ ಬದಲಾಗುತ್ತದೆ. ಅದೂ ಎಲ್ಲ ಅಳತೆಗಳು ಒಂದೇ ದಿಕ್ಕಿಗೆ ಬದಲಾಗುವುದಿಲ್ಲ.

ಸೀಟು ಕುಗ್ಗುತ್ತದೆ, ಆದ್ದರಿಂದ ಎತ್ತರ ಕಡಿಮೆ ಆಗುತ್ತದೆ. ಬೆನ್ನಿನ ಕಡೆಯ ಮೆತ್ತೆಯೂ ಕುಗ್ಗುತ್ತದೆ, ಆದ್ದರಿಂದ ಆಳ ಜಾಸ್ತಿ ಆಗುತ್ತದೆ. ಕೈಗಳು ಇದ್ದಲ್ಲೇ ಇರುತ್ತವೆ, ನಾವು ಕೆಳಗೆ ಹೋಗುತ್ತೇವೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಕೈ ಇನ್ನೂ ಎತ್ತರವಾಗುತ್ತದೆ. ನಾನು ನೆನಪಿಟ್ಟುಕೊಂಡ ಸೂತ್ರ: ಕೆಳಗಿನದನ್ನು ಕಳೆ, ಹಿಂದಿನದನ್ನೂ ಪಕ್ಕದ್ದನ್ನೂ ಕೂಡು.

ಮಾವನ ಸೋಫಾದಲ್ಲಿ ನಾನು ಕೂತರೆ ಸೀಟು 6 ಸೆಂ.ಮೀ. ಇಳಿಯುತ್ತದೆ, ಬೆನ್ನು 2 ಸೆಂ.ಮೀ. ಒಳಗೆ ಹೋಗುತ್ತದೆ. ಈಗ ಎತ್ತರ 40, ಆಳ 58, ಸೀಟಿನಿಂದ ಕೈ 34.

ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ನನ್ನ ಮಂಡಿ 41, ಸೀಟು 40, ಕಾಲು ನೆಲ ಮುಟ್ಟುತ್ತದೆ ಅಂತ ಬರೆದುಬಿಡಬಹುದು. ಆದರೆ ಕೂತು ನೋಡಿದರೆ ತೊಡೆಯ ಕೆಳಗೆ ಅಂಚು ಒತ್ತುತ್ತಲೇ ಇರುತ್ತದೆ. ಲೆಕ್ಕದಲ್ಲಿ ಎಲ್ಲ ಸರಿ, ದೇಹ ಮಾತ್ರ ಒಪ್ಪುತ್ತಿಲ್ಲ. ಕಾರಣ ಇಷ್ಟೇ: ಸೀಟು ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಕುಂಡೆಯ ಕೆಳಗೆ ಭಾರ ಜಾಸ್ತಿ, ಅಲ್ಲಿ 6 ಸೆಂ.ಮೀ. ಇಳಿಯುತ್ತದೆ. ಮುಂದಿನ ಅಂಚಿನ ಕೆಳಗೆ ಮರದ ಪಟ್ಟಿ ಇರುತ್ತದೆ, ಅಲ್ಲಿ 3 ಸೆಂ.ಮೀ. ಮಾತ್ರ. ಅಂದರೆ ಕೂತ ಮೇಲೆ ಒಂದೇ ಸೀಟಿಗೆ ಎರಡು ಎತ್ತರ: ಹಿಂದೆ 40, ಮುಂದಿನ ಅಂಚಿನಲ್ಲಿ 43.

ಯಾವುದನ್ನು ಯಾವುದಕ್ಕೆ ಹೋಲಿಸಬೇಕು ಎಂಬುದೇ ಇಡೀ ಪಾಠ. ಕಾಲು ನೆಲ ಮುಟ್ಟುತ್ತದಾ ಎಂದು ನೋಡಲು ಮಂಡಿಯ ಎತ್ತರವನ್ನು ಮುಂದಿನ ಅಂಚಿಗೆ ಹೋಲಿಸಿ. ಮೊಣಕೈ, ಭುಜ, ಬೆನ್ನಿನ ವಿಷಯಕ್ಕೆ ಕುಂಡೆ ಇರುವ ಜಾಗಕ್ಕೆ ಹೋಲಿಸಿ. ಎದ್ದೇಳುವುದು ಸುಲಭವಾ ಎಂದು ನೋಡಲು ಈ ಎರಡರ ನಡುವಿನ ವ್ಯತ್ಯಾಸ ನೋಡಿ.

ಈಗ ಮತ್ತೆ ಲೆಕ್ಕ ಹಾಕೋಣ. ನನ್ನ ಮಂಡಿ 41, ಅಂಚು 43. ಮನೆಯೊಳಗಿನ ಚಪ್ಪಲಿ ಹಾಕಿಕೊಂಡರೆ ಸರಿಹೋಗುವಷ್ಟು. ಅಜ್ಜಿಯ ಮಂಡಿ 37, ಅವರ ಕಾಲು ಸುಮಾರು 6 ಸೆಂ.ಮೀ. ತೂಗಾಡುತ್ತದೆ. ಅವರ ಭಾರ ನನ್ನಷ್ಟಿಲ್ಲ, ಹಾಗಾಗಿ ಅಂಚು ನನಗೆ ಇಳಿದಷ್ಟು ಅವರಿಗೆ ಇಳಿಯುವುದೂ ಇಲ್ಲ. ಏಳುವಾಗ 3 ಸೆಂ.ಮೀ. ಇಳಿಜಾರು ಹತ್ತಿ ಬರಬೇಕು. ಪುತ್ತರಿ ಹಬ್ಬದ ದಿನ ಮನೆ ತುಂಬ ಜನ ಬಂದು ಹಿರಿಯರ ಕಾಲು ಮುಟ್ಟುತ್ತಾರೆ. ಹಿರಿಯರು ಕೂರುವುದು, ಏಳುವುದು ನಡೆದೇ ಇರುತ್ತದೆ. ಅಂಥ ಮನೆಯಲ್ಲಿ ಈ 3 ಸೆಂ.ಮೀ. ಸಣ್ಣದಲ್ಲ.

ಆಳದ ಲೆಕ್ಕ ಇನ್ನೂ ಬಿಗಿ. ಬೆನ್ನು ಒರಗಿ ಕೂತಾಗ ಮಂಡಿಯ ಹಿಂದೆ ಮೂರು ಬೆರಳು ಹೋಗುವಷ್ಟು ಜಾಗ ಉಳಿಯಬೇಕು. ಅಂದರೆ ನನಗೆ 41ರಿಂದ 43 ಸೆಂ.ಮೀ. ಆಳ ಸಾಕು. ಇರುವುದು 58. ಪೂರ್ತಿ ಹಿಂದಕ್ಕೆ ಕೂತರೆ ಮಂಡಿ ಮಡಚಲು ಬರುವುದಿಲ್ಲ. ಮುಂದಕ್ಕೆ ಜಾರಿ ಕೂತರೆ ಸೊಂಟದ ಹಿಂದೆ ಖಾಲಿ. "ಲೆದರ್ ಸೋಫಾ ಜಾರುತ್ತೆ" ಎಂಬ ದೂರು ಎಲ್ಲರೂ ಹೇಳುತ್ತಾರೆ. ಚರ್ಮ ನುಣುಪು ಎಂಬುದು ಅರ್ಧ ಕಾರಣ. ಆಳ ಜಾಸ್ತಿ ಎಂಬುದು ಇನ್ನರ್ಧ. ಉತ್ತರದಲ್ಲಿ ಎರಡನ್ನೂ ಬರೆಯಿರಿ.

ಬೆನ್ನಿಗೆ ದಿಂಬು ಇಟ್ಟರೆ ಆಯಿತಲ್ಲ ಎನ್ನಬಹುದು. ಆಗುತ್ತದೆ. ಆದರೆ ದಿಂಬೂ ಕುಗ್ಗುತ್ತದೆ. 15 ಸೆಂ.ಮೀ. ದಪ್ಪದ ಮೆತ್ತನೆ ದಿಂಬು ಒರಗಿದ ಮೇಲೆ ಅರ್ಧದಷ್ಟೇ ಉಳಿಯುತ್ತದೆ. ಗಟ್ಟಿಯಾಗಿ ತುಂಬಿದ ದಿಂಬು ಬೇಕು, ಅದು ಜಾರದಂತೆ ಹಿಂದೆ ಒಂದು ಹತ್ತಿ ಅಥವಾ ಉಣ್ಣೆಯ ಹೊದಿಕೆ ಬೇಕು. ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಮಾತ್ರ ಈ ಆಳ ವರ. ನಮ್ಮ ಮನೆಗಳಲ್ಲಿ ಅರ್ಧ ಜನ ಕೂರುವುದೇ ಹಾಗೆ. ಆದ್ದರಿಂದ ಆಳ ಜಾಸ್ತಿ ಅಂದಕೂಡಲೇ ಮಾರ್ಕ್ಸ್ ಕಳೆಯಬೇಡಿ.

ಕೈಗಳ ಎತ್ತರ: ಕೂತಾಗ ನನ್ನ ಮೊಣಕೈ ಸೀಟಿನಿಂದ 22 ಸೆಂ.ಮೀ. ಮೇಲಿದೆ, ಸೋಫಾದ ಕೈ 34. ಮೊಣಕೈ ಅಲ್ಲಿಟ್ಟರೆ ಭುಜ ಕಿವಿಯ ಕಡೆ ಏರುತ್ತದೆ. ಚೆಸ್ಟರ್‌ಫೀಲ್ಡ್‌ನ ಕೈ ಪಕ್ಕಕ್ಕೆ ಒರಗಲು ಚೆನ್ನ, ಮೊಣಕೈ ಊರಲು ಅಲ್ಲ. ಬೆನ್ನೂ 34ಕ್ಕೇ ನಿಲ್ಲುತ್ತದೆ, ಭುಜದವರೆಗೂ ಬರುವುದಿಲ್ಲ. ತಲೆಗಂತೂ ಆಧಾರವೇ ಇಲ್ಲ. ಎದುರುಬದುರು ಕೂತು ಕಾಫಿ ಕುಡಿಯುತ್ತ ಮಾತಾಡಲು ಇದು ಬಹಳ ಚೆನ್ನಾಗಿದೆ. ಪೂರ್ತಿ ಸಿನಿಮಾ ನೋಡಲು ಅಲ್ಲ.

ಅಳೆಯುವ ಉಪಾಯ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಕೂತವರ ಕೆಳಗೆ ಟೇಪ್ ಹಾಕಲು ಆಗುವುದಿಲ್ಲ. ಅದಕ್ಕೆ ಒಂದು ನೇರ ಕೋಲನ್ನು ಸೋಫಾದ ಕೈಯ ಮೇಲೆ ಇಟ್ಟು ಅದರ ತುದಿ ಸೀಟಿನ ಮೇಲೆ ಚಾಚುವಂತೆ ಹಿಡಿಯಿರಿ. ಕೋಲಿನಿಂದ ಖಾಲಿ ಸೀಟಿಗೆ ಅಳೆಯಿರಿ. ಆಮೇಲೆ ಗಟ್ಟಿ ರಟ್ಟಿನ ಫೈಲ್ ಮೇಲೆ ಒಬ್ಬರನ್ನು ಕೂರಿಸಿ. ಫೈಲಿನ ಅಂಚು ಪಕ್ಕದಲ್ಲಿ ಒಂದೆರಡು ಬೆರಳು ಹೊರಗೆ ಇರಲಿ. ಈಗ ಕೋಲಿನಿಂದ ಫೈಲಿಗೆ ಅಳೆಯಿರಿ. ವ್ಯತ್ಯಾಸವೇ ಕುಗ್ಗಿದ ಲೆಕ್ಕ. ಮುಂದಿನ ಅಂಚಿನಲ್ಲೂ ಹೀಗೇ ಮಾಡಿ. ಕೂತ ಕೂಡಲೇ ಒಮ್ಮೆ, ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಫೋಮ್ ನಿಧಾನಕ್ಕೆ ಇನ್ನೂ ಸ್ವಲ್ಪ ಇಳಿಯುತ್ತದೆ.

ಫೋಮ್, ಅಗಲ

ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಅಂಗಡಿಯಲ್ಲಿ "40 ಡೆನ್ಸಿಟಿ" ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಅಂತ. ಅದು ಬಾಳಿಕೆಯ ಸೂಚನೆ. ಎಷ್ಟು ಒತ್ತಿದರೆ ಎಷ್ಟು ಇಳಿಯುತ್ತದೆ ಎಂಬುದು ಬೇರೆ ಪರೀಕ್ಷೆ. ಒಂದೇ ಡೆನ್ಸಿಟಿಯಲ್ಲಿ ಮೆತ್ತನೆಯದೂ ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ.

ಹೊರಗಿನ ಅಗಲ ನಂಬಬೇಡಿ. ಮಾವನ ಸೋಫಾ ಹೊರಗೆ 210 ಸೆಂ.ಮೀ., ಒಂದೊಂದು ಕೈ 24. ಒಳಗೆ ಉಳಿಯುವುದು 162. ಮೂರು ಜನಕ್ಕೆ ತಲಾ 54. ಮಳೆಯ ಮಧ್ಯಾಹ್ನ ಕಾಲು ಚಾಚಿ ಮಲಗುವವರಿಗೆ ಇದು ಸಾಲದು, ತಲೆ ಅಥವಾ ಕಾಲು ಸೋಫಾದ ಕೈಯ ಮೇಲೇರುತ್ತದೆ.

ಚರ್ಮ ಯಾವುದು

ಮೊದಲು ಅದು ಚರ್ಮವೇ ಹೌದಾ ನೋಡಿ. ಕೂರುವ ಕಡೆ ಮಾತ್ರ ಚರ್ಮ ಹಾಕಿ, ಪಕ್ಕಕ್ಕೆ ಹಿಂದಕ್ಕೆ ರೆಕ್ಸಿನ್ ಹಾಕಿದ ಸೋಫಾಗಳು ಬೇಕಾದಷ್ಟಿವೆ. ಎಲ್ಲಾದರೂ ಒಳಗಿನ ಅಂಚು ಸಿಕ್ಕರೆ ತಿರುವಿ ನೋಡಿ. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್ ಅಥವಾ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ಹಾಕಿದ ಬಟ್ಟೆ). ಚರ್ಮದ ಹಿಂಬದಿ ನಾರುನಾರಾಗಿ ಇರುತ್ತದೆ. ಚೂರುಗಳನ್ನು ಅಂಟಿಸಿ ಮಾಡುವ ಬಾಂಡೆಡ್ ಲೆದರ್‌ಗೂ ಮೇಲೆ ಪಿಯು ಪದರವೇ. ತೇವ ಮತ್ತು ಸೆಕೆ ಸೇರಿದಲ್ಲಿ ನೀರಿನ ಅಂಶ ಆ ಪದರದ ರಾಸಾಯನಿಕ ಬಂಧಗಳನ್ನು ಮುರಿಯುತ್ತದೆ. ಆಮೇಲೆ ಸಿಪ್ಪೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಚರ್ಮವೇ ಆದರೆ ಮುಂದಿನ ಪ್ರಶ್ನೆ ಮೇಲ್ಪದರದ್ದು. ಕಾಣದ ಜಾಗದಲ್ಲಿ ಒಂದು ಹನಿ ನೀರು ಹಾಕಿ. ಹನಿ ಇಂಗಿ ಕಪ್ಪಾದರೆ ಅನಿಲಿನ್ ಬಗೆ, ಅಂದರೆ ಮೇಲೆ ಬಣ್ಣದ ಪದರ ಇಲ್ಲದ ಚರ್ಮ. ಮುಟ್ಟಲು ಬಹಳ ಹಿತ, ಆದರೆ ಪಂದಿಕರಿಯ ಎಣ್ಣೆ ಬಿದ್ದರೆ ಅದನ್ನೂ ಹಾಗೇ ಹೀರುತ್ತದೆ. ಹನಿ ಮುತ್ತಿನಂತೆ ನಿಂತರೆ ಮೇಲೆ ಬಣ್ಣದ ಪದರ ಇದೆ. ನಮ್ಮ ಊರಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ತೋಟದಿಂದ ಬಂದವರ ಕಾಲಲ್ಲಿ ಜಿಗಣೆ ಕಚ್ಚಿ ರಕ್ತ ನಿಲ್ಲದೆ ಇರುತ್ತದೆ, ಅದು ಸೋಫಾಕ್ಕೆ ತಾಗಿಯೇ ತಾಗುತ್ತದೆ. ಬಟ್ಟೆಯ ಸೋಫಾದಲ್ಲಿ ಅದು ಕಲೆಯಾಗಿ ಕೂರುತ್ತದೆ. ಇಲ್ಲಿ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ನಾಯಿಯ ಕೂದಲೂ ಅಷ್ಟೇ. ನಾಯಿಯ ಉಗುರಿಗೆ ಮಾತ್ರ ಯಾವ ಚರ್ಮವೂ ಪೂರ್ತಿ ತಡೆಯುವುದಿಲ್ಲ.

ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಲೆದರ್ ಮೇಲೆ ಕೂತರೆ ಚಳಿ ಹಿಡಿಯುತ್ತದೆ. ನುಣುಪಾದ ಮೈ ಪೂರ್ತಿ ತಾಗುತ್ತದೆ, ಶಾಖ ಬೇಗ ಎಳೆಯುತ್ತದೆ. ಉಣ್ಣೆಯಲ್ಲಿ ಹಾಗಲ್ಲ, ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಕೆಲವು ನಿಮಿಷದಲ್ಲಿ ಚರ್ಮ ಬೆಚ್ಚಗಾಗುತ್ತದೆ, ಇದಕ್ಕೆ ಜಾಸ್ತಿ ಮಾರ್ಕ್ಸ್ ಕಳೆಯಬೇಕಿಲ್ಲ.

ಬೂಷ್ಟು

ಸಿಲಬಸ್‌ನಲ್ಲಿ ಇದಕ್ಕೆ ಒಂದು ಸಾಲು ಕೊಟ್ಟಿದ್ದಾರೆ. ಕೊಡಗಿನಲ್ಲಿ ಇದು ದೊಡ್ಡ ಪ್ರಶ್ನೆ. ಗಾಳಿಯ ತೇವಾಂಶ ಶೇಕಡಾ 70ರ ಮೇಲೆ ದಿನಗಟ್ಟಲೆ ನಿಂತರೆ ಚರ್ಮದ ಮೇಲೆ ಫಂಗಸ್ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಕಡಿಮೆ ಇರುವ ದಿನವೇ ಅಪರೂಪ. ಬೆಲ್ಟು, ಶೂ ಎಲ್ಲ ಬೆಳ್ಳಗಾಗುವುದನ್ನು ನೋಡಿಯೇ ಇರುತ್ತೀರಿ. ಚೆಸ್ಟರ್‌ಫೀಲ್ಡ್‌ಗೆ ಇನ್ನೊಂದು ತೊಂದರೆ ಇದೆ. ಪ್ರತಿ ಗುಂಡಿಯ ಸುತ್ತ ಮಡಿಕೆ, ಮಡಿಕೆಯೊಳಗೆ ಧೂಳು ಕೂರುತ್ತದೆ, ಗಾಳಿ ಆಡುವುದಿಲ್ಲ. ಬೂಷ್ಟು ಮೊದಲು ಹಿಡಿಯುವುದು ಅಲ್ಲೇ.

ಹಾಗಾಗಿ ಸೋಫಾ ಎಲ್ಲಿಡುತ್ತೀರಿ ಎಂಬುದನ್ನೂ ಅನುಕೂಲದ ಲೆಕ್ಕದಲ್ಲೇ ಬರೆಯಬೇಕು. ಮಳೆ ಹೊಡೆಯುವ ಹೊರಗೋಡೆಗೆ ಒತ್ತಿ ಇಡಬಾರದು. ಹಿಂದೆ ಕೈ ಆಡುವಷ್ಟು ಜಾಗ ಬಿಡಬೇಕು. ಕೆಳಗೆ ಕಾಲುಗಳಿದ್ದು ಗಾಳಿ ಓಡಾಡಿದರೆ ಇನ್ನೂ ಒಳ್ಳೆಯದು. ಬೆಂಕಿಗೂಡು ಇರುವ ಮನೆಯಲ್ಲಿ ಅದರ ಪಕ್ಕಕ್ಕೆ ಎಳೆಯುವುದೂ ಬೇಡ, ಒಣಗಿ ಬಿರುಕು ಬಿಡುತ್ತದೆ. ಬಟ್ಟೆಯ ಕಪಾಟಿನೊಳಗೆ ಬಲ್ಬ್ ಉರಿಸುವ ನಮ್ಮ ಪದ್ಧತಿ ಕಪಾಟಿಗೆ ಸರಿ. ದೊಡ್ಡ ಹಾಲ್‌ಗೆ ಅದು ಸಾಲದು, ಅಲ್ಲಿ ಡಿಹ್ಯೂಮಿಡಿಫೈಯರ್ ಬೇಕು. ಇಲ್ಲದಿದ್ದರೆ ದಿನಾ ಫ್ಯಾನ್ ಹಾಕಿ, ಜನ ಕೂತು ಎದ್ದು ಮಾಡಬೇಕು. ಮಳೆಗಾಲವಿಡೀ ಪ್ಲಾಸ್ಟಿಕ್ ಹೊದಿಸಿ ಮುಚ್ಚಿಟ್ಟರೆ ತೇವ ಒಳಗೇ ಉಳಿಯುತ್ತದೆ.

ಬೂಷ್ಟು ಬಂದರೆ ಮೊದಲು ಒಣ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಆಗ ಕಿಟಕಿ ತೆರೆದಿರಲಿ, ಮೂಗಿಗೆ ಬಟ್ಟೆ ಇರಲಿ. ಆಮೇಲೆ ಸೌಮ್ಯ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಿ. ಸುಡುಬಿಸಿಲಿಗೆ ಇಡಬೇಡಿ. ಹೊಳಪಿಗೆ ಅಂತ ತೆಂಗಿನೆಣ್ಣೆ ಸವರುವವರಿದ್ದಾರೆ. ಅದು ಚರ್ಮವನ್ನು ಕಪ್ಪು ಮಾಡುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ, ಫಂಗಸ್‌ಗೂ ಅನುಕೂಲ. ಲೆದರ್ ಕಂಡೀಷನರ್ ಹಾಕುವುದಾದರೆ ಮಳೆಗಾಲ ಮುಗಿದ ಮೇಲೆ, ತೆಳ್ಳಗೆ.

ಉಳಿದದ್ದು, ಬೇಗ ಬೇಗ

ಚೌಕಟ್ಟಿಗೆ: ಮುಂದಿನ ಒಂದು ಮೂಲೆಯನ್ನು ಗೇಣುದ್ದ ಎತ್ತಿ. ಮುಂದಿನ ಇನ್ನೊಂದು ಕಾಲೂ ಜೊತೆಗೇ ಎದ್ದರೆ ಚೌಕಟ್ಟು ಗಟ್ಟಿ. ಅದು ನೆಲದಲ್ಲೇ ಉಳಿದು ಸೋಫಾ ತಿರುಚಿದರೆ ಬಿಗಿ ಇಲ್ಲ. ಒಳಗಿನ ಮರ ಯಾವುದು, ಹುಳಕ್ಕೆ ಔಷಧಿ ಆಗಿದೆಯಾ ಕೇಳಿ. ಹಳೆ ಮನೆಗೆ ಹಾಕುವುದಾದರೆ ಬಾಗಿಲಿನ ಅಗಲ ಅಳೆದುಕೊಂಡು ಹೋಗಿ, ಸೋಫಾದ ಕಾಲು ಬಿಚ್ಚಲು ಬರುತ್ತದಾ ನೋಡಿ.

ಅಂಗಡಿಗೆ ಹೋಗುವಾಗ ಮನೆಯ ಅತಿ ಗಿಡ್ಡ ಮತ್ತು ಅತಿ ಎತ್ತರದ ಇಬ್ಬರನ್ನು ಕರೆದುಕೊಂಡು ಹೋಗಿ, ಕೋಲು, ಫೈಲ್, ಟೇಪ್ ಜೊತೆಗಿರಲಿ. ನನ್ನ ಉತ್ತರಪತ್ರಿಕೆಯಲ್ಲಿ ಮಾವನ ಸೋಫಾದ ಬಗ್ಗೆ ಹೀಗೆ ಬರೆದೆ: ಅತಿಥಿಗಳ ಕೋಣೆಗೆ ಸರಿ, ಗಟ್ಟಿ ದಿಂಬು ಎರಡು ಬೇಕು. ಅಜ್ಜಿಗೆ ಪಕ್ಕದಲ್ಲಿ 38 ಸೆಂ.ಮೀ. ಎತ್ತರದ, ಕೈ ಇರುವ ಮರದ ಕುರ್ಚಿ ಬೇರೆ ಇಡಬೇಕು.