ಭೇದಿ ನಿಂತಿತು, ಹೊಟ್ಟೆ ನೋವು ನಿಲ್ಲಲಿಲ್ಲ

2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಬಹಳ ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ತೀರಿಕೊಂಡರು. ಮರುವರ್ಷ ಕೊಪ್ಪಳ ಜಿಲ್ಲೆಯ ಬಸರಿಹಾಳದಿಂದಲೂ ಇಂಥದ್ದೇ ಸುದ್ದಿ ಬಂತು. ಎಷ್ಟು ಮಂದಿ ಅಡ್ಮಿಟ್ ಆದರು, ಎಷ್ಟು ಮಂದಿ ಡಿಸ್ಚಾರ್ಜ್ ಆದರು ಎಂಬ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಮನೆಗೆ ಹೋದವರ ಹೊಟ್ಟೆ ಆರು ತಿಂಗಳ ಮೇಲೆ ಹೇಗಿದೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ.

ಆ ಲೆಕ್ಕವನ್ನು ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಲ್ಲಿ ಇಟ್ಟಿದ್ದಾರೆ. 2000ದ ಮೇ ತಿಂಗಳಲ್ಲಿ ಅಲ್ಲಿನ ಕುಡಿಯುವ ನೀರಿಗೆ ಬ್ಯಾಕ್ಟೀರಿಯಾ ಸೇರಿತು. ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಎಂಟು ವರ್ಷಗಳ ನಂತರ ನೋಡಿದರೆ, ಆಗ ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಐಬಿಎಸ್ ಇತ್ತು. ಅಂದರೆ ಆಗಾಗ ಹೊಟ್ಟೆ ಕಡಿಯುವುದು, ಉಬ್ಬರ, ಮಲ ಒಮ್ಮೆ ಗಟ್ಟಿ ಒಮ್ಮೆ ತೆಳು. ಕಾಯಿಲೆ ಬೀಳದವರಲ್ಲಿ ಇದು ನೂರಕ್ಕೆ 5ರ ಆಸುಪಾಸು.

ಇಂಥವರಿಗೆ ಕೊಲೊನೋಸ್ಕೋಪಿ ಮಾಡಿದರೆ ಕರುಳು ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಹುಣ್ಣಿಲ್ಲ, ಊತವಿಲ್ಲ. ರಿಪೋರ್ಟ್ ನಾರ್ಮಲ್ ಅಂದ ಕೂಡಲೇ ಮನೆಯವರ ಮಾತು ಶುರು: ‘ಟೆನ್ಷನ್ ಜಾಸ್ತಿ ಮಾಡ್ಕೋತೀಯ, ಸುಮ್ನೆ ಗ್ಯಾಸ್ ಇರಬೇಕು.’ ನೋವು ಮಾತ್ರ ನಿಜ. ಅದು ನಿಜ ಎಂದು ತೋರಿಸಿಕೊಟ್ಟದ್ದರಲ್ಲಿ ದೊಡ್ಡ ಪಾಲು ಇಲಿಗಳದ್ದು.

ಕರುಳಿನ ನೋವು ಚರ್ಮದ ನೋವಿನ ಹಾಗಲ್ಲ. ದೊಡ್ಡ ಕರುಳಿನ ಒಳಪೊರೆಯಿಂದ ವೈದ್ಯರು ಸಣ್ಣ ಗಂಟನ್ನು ಕತ್ತರಿಸಿ ತೆಗೆದರೂ ಅಲ್ಲಿ ನೋವು ಗೊತ್ತಾಗುವುದಿಲ್ಲ. ಅದೇ ಕರುಳನ್ನು ಗಾಳಿ ತುಂಬಿ ಹಿಗ್ಗಿಸಿದರೆ ಜೀವ ಹೋದಂತಾಗುತ್ತದೆ. 1973ರಲ್ಲಿ ಲಂಡನ್ನಿನಲ್ಲಿ ಐಬಿಎಸ್ ಇದ್ದವರ ಕರುಳಿನ ಕೊನೆಯಲ್ಲಿ ಪುಟ್ಟ ಬಲೂನು ಇಟ್ಟು 60 ಮಿಲಿಲೀಟರ್ ಗಾಳಿ ತುಂಬಿದರು. ನೂರಕ್ಕೆ 55 ಮಂದಿ ನೋವು ಅಂದರು. ಆರೋಗ್ಯವಂತರಲ್ಲಿ ಹಾಗೆ ಅಂದವರು ನೂರಕ್ಕೆ 6.

ಮನುಷ್ಯ ಬಾಯಿಬಿಟ್ಟು ಹೇಳುತ್ತಾನೆ. ಇಲಿಯನ್ನು ಕೇಳುವುದು ಹೇಗೆ? 1988ರಲ್ಲಿ ಅಮೆರಿಕದ ಟಿಮೊತಿ ನೆಸ್ ಮತ್ತು ಜೆರಾಲ್ಡ್ ಗೆಬ್‌ಹಾರ್ಟ್ ಇದೇ ಬಲೂನನ್ನು ಎಚ್ಚರವಿರುವ ಇಲಿಯ ಮೇಲೆ ಪ್ರಯೋಗಿಸಿದರು. ಕರುಳು ಹಿಗ್ಗಿ ನೋವಾದಾಗ ಇಲಿಯ ಹೊಟ್ಟೆಯ ಸ್ನಾಯು ತಾನಾಗಿಯೇ ಬಿಗಿಯುತ್ತದೆ. ಒತ್ತಡ ಏರಿದಷ್ಟೂ ಬಿಗಿತ ಹೆಚ್ಚುತ್ತದೆ. ಸ್ನಾಯುವಿಗೆ ಎಳೆಯಂಥ ತಂತಿ ಹಾಕಿದರೆ ಅದನ್ನು ಅಳೆಯಬಹುದು. ಈಗಲೂ ಈ ಕ್ಷೇತ್ರದ ಮುಖ್ಯ ಅಳತೆ ಇದೇ.

ಅಳತೆ ಸಿಕ್ಕಿತು. ಇನ್ನು ಇಲಿಯ ಕರುಳಲ್ಲಿ ಉರಿಯೂತ ಬರಿಸಬೇಕು. ನಮ್ಮ ಕಡೆ ಫಾರ್ಮಸಿ ಓದಿದವರಿಗೆ ಒಂದು ಹಳೆಯ ಪರೀಕ್ಷೆ ಗೊತ್ತಿರುತ್ತದೆ. ಇಲಿಯ ಹೊಟ್ಟೆಯೊಳಗೆ ಅಸಿಟಿಕ್ ಆಮ್ಲ ಚುಚ್ಚಿ, ಅದು ಎಷ್ಟು ಸಲ ಮೈ ನುಲಿಯುತ್ತದೆ ಎಂದು ಎಣಿಸುವುದು. ಸುಲಭ, ಅಗ್ಗ. ಆದರೆ ನನ್ನ ಪ್ರಕಾರ ಅದು ಕರುಳಿನ ನೋವಿನ ಪರೀಕ್ಷೆಯೇ ಅಲ್ಲ. ಉರಿಯುವುದು ಹೊಟ್ಟೆಯ ಒಳಗೋಡೆ. ನೋವಿನ ಔಷಧ ಅಲ್ಲದವೂ ಅದರಲ್ಲಿ ಪಾಸಾಗಿಬಿಡುತ್ತವೆ.

ಹೆಚ್ಚು ಬಳಕೆಯಲ್ಲಿರುವುದು ಡಿಎಸ್‌ಎಸ್ ಎಂಬ ಪುಡಿ. ಕುಡಿಯುವ ನೀರಿಗೆ ನೂರಕ್ಕೆ 2ರಿಂದ 5 ಭಾಗ ಬೆರೆಸಿ ಸುಮಾರು ಒಂದು ವಾರ ಕೊಟ್ಟರೆ ಕರುಳಿನ ಒಳಪೊರೆ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ ಒಳನುಗ್ಗುತ್ತವೆ, ರಕ್ತಭೇದಿ ಶುರುವಾಗುತ್ತದೆ, ತೂಕ ಇಳಿಯುತ್ತದೆ. ಮತ್ತೆ ಬರೀ ನೀರು ಕೊಟ್ಟರೆ ಕರುಳು ನಿಧಾನಕ್ಕೆ ಸರಿಹೋಗುತ್ತದೆ. ಇಲ್ಲೊಂದು ತಮಾಷೆ ಇದೆ. ಉರಿಯೂತ ಚೆನ್ನಾಗಿಯೇ ಬಂದ ಇಲಿಗಳಲ್ಲೂ ಬಲೂನಿಟ್ಟಾಗ ನೋವು ಹೆಚ್ಚಿದ್ದು ಕೆಲವು ಲ್ಯಾಬುಗಳಲ್ಲಿ ಕಾಣಲೇ ಇಲ್ಲ. ಹುಣ್ಣು ದೊಡ್ಡದಾದರೆ ನೋವೂ ದೊಡ್ಡದು ಎಂದು ನಾವು ಅಂದುಕೊಂಡಿರುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನನಗೆ ಹೆಚ್ಚು ನಂಬಿಕೆ ಇರುವುದು ಟಿಎನ್‌ಬಿಎಸ್ ಮಾದರಿಯ ಮೇಲೆ. ಈ ರಾಸಾಯನಿಕವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಇಲಿಯ ಗುದದ ಮೂಲಕ ಒಮ್ಮೆ ಕೊಡುತ್ತಾರೆ. ಆಲ್ಕೋಹಾಲ್ ಪೊರೆಯನ್ನು ಒಡೆಯುತ್ತದೆ. ಟಿಎನ್‌ಬಿಎಸ್ ಕರುಳಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಆಗ ದೇಹದ ರಕ್ಷಣಾ ಪಡೆ ತನ್ನದೇ ಕರುಳನ್ನು ಹೊರಗಿನದು ಎಂದುಕೊಂಡು ಮೇಲೆ ಬೀಳುತ್ತದೆ. ಮುಂದೆ ಹುಣ್ಣು ಮಾಯುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ವಾರ ಕಾದು, ಕರುಳು ಪೂರ್ತಿ ವಾಸಿಯಾದ ಮೇಲೆ ಬಲೂನಿಟ್ಟರು. ಸುಮಾರು ಕಾಲು ಭಾಗ ಇಲಿಗಳಿಗೆ ಈಗಲೂ ಅತಿಯಾದ ನೋವು. ಉಳಿದವು ಆರಾಮ. ಎಲ್ಲಕ್ಕೂ ಕೊಟ್ಟದ್ದು ಒಂದೇ ಮದ್ದು, ಸಾಕಿದ್ದೂ ಒಂದೇ ಕಡೆ. ಒಂದೇ ನಲ್ಲಿಯ ನೀರು ಕುಡಿದ ಮನೆಯಲ್ಲಿ ಒಬ್ಬರಿಗೆ ಮಾತ್ರ ವರ್ಷಗಟ್ಟಲೆ ಹೊಟ್ಟೆ ನೋವು ಉಳಿಯುವುದು ಇದೇ ಥರ, ಅಲ್ವಾ?

ಹಾಗಾದರೆ ವಾಸಿಯಾದ ಕರುಳಲ್ಲಿ ಏನು ಉಳಿದಿರುತ್ತದೆ? ಇಲ್ಲಿ ನಮ್ಮ ಮೆಣಸಿನಕಾಯಿ ಬರುತ್ತದೆ. ಬಳ್ಳಾರಿಯ ಒಗ್ಗಾಣಿ-ಮಿರ್ಚಿ ತಿಂದಾಗ ನಾಲಿಗೆ ಸುಡುತ್ತದೆ. ಖಾರ ಜಾಸ್ತಿಯಾದರೆ ಮರುದಿನ ಬೆಳಗ್ಗೆ ಇನ್ನೊಂದು ಕಡೆಯೂ ಸುಡುತ್ತದೆ. ಎರಡೂ ಕಡೆ ಕೆಲಸ ಮಾಡುವುದು ನರದ ತುದಿಯಲ್ಲಿರುವ ಒಂದೇ ಸೆನ್ಸರ್, ಟಿಆರ್‌ಪಿವಿ1. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು ಗುರುತಿಸಿತು. ಅವರಿಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಖಾರಕ್ಕೂ, ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಗೂ ಇದು ತೆರೆದುಕೊಳ್ಳುತ್ತದೆ. ಉರಿಯೂತ ಇದ್ದಾಗ ಇನ್ನೂ ಬೇಗ ತೆರೆದುಕೊಳ್ಳುತ್ತದೆ. (ಹಕ್ಕಿಗಳ ಸೆನ್ಸರಿಗೆ ಖಾರ ಗೊತ್ತಾಗುವುದಿಲ್ಲ. ಮೆಣಸಿನ ಹೊಲಕ್ಕೆ ಗಿಣಿ ಬಿದ್ದರೆ ಖಾರವೇ ಓಡಿಸಲಿ ಎಂದು ಕಾಯಬೇಡಿ.) 2008ರಲ್ಲಿ ಲಂಡನ್ನಿನ ಸಂಶೋಧಕರು ಐಬಿಎಸ್ ರೋಗಿಗಳ ಕರುಳಿನ ಚೂರು ತೆಗೆದು ನೋಡಿದಾಗ, ಈ ಸೆನ್ಸರ್ ಇರುವ ನರದ ಎಳೆಗಳು ಆರೋಗ್ಯವಂತರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿದ್ದವು.

ಸರಿ, ಸೆನ್ಸರನ್ನೇ ಮುಚ್ಚಿಬಿಟ್ಟರೆ? ಔಷಧ ಕಂಪನಿಗಳು ಆ ಪ್ರಯತ್ನವನ್ನೂ ಮಾಡಿದವು. ಇಲಿಗಳಲ್ಲಿ ನೋವು ಇಳಿಯಿತು, ಮೈ ಬಿಸಿಯೇರಿತು. ಮನುಷ್ಯರಿಗೆ ಕೊಟ್ಟಾಗಲೂ ಒಂದು ಔಷಧದಿಂದ ಕೆಲವರ ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿತು. ದೇಹದ ಉಷ್ಣತೆ ಕಾಯುವುದರಲ್ಲೂ ಈ ಸೆನ್ಸರಿಗೆ ಪಾತ್ರವಿತ್ತು. ಇಲಿ ಮೊದಲೇ ಎಚ್ಚರಿಸಿತ್ತು ಅನ್ನಬೇಕು. ಹೊಸ ಮದ್ದಿನ ಅಗತ್ಯವಂತೂ ಇದ್ದೇ ಇದೆ. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಬ್ರೂಫೆನ್, ಡೈಕ್ಲೋಫೆನಾಕ್ ಕರುಳನ್ನೇ ಕೆಡಿಸಬಲ್ಲವು. ಮಾರ್ಫಿನ್ ಜಾತಿಯವು ಮಲ ಕಟ್ಟಿಸುತ್ತವೆ.

ಇಲಿಗೆ ಇನ್ನೊಂದು ಗುಣವಿದೆ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಡುತ್ತದೆ. 2014ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ತಂಡ ವಿಚಿತ್ರವಾದದ್ದೊಂದನ್ನು ತೋರಿಸಿತು. ಗಂಡಸು ಹತ್ತಿರ ಇದ್ದರೆ, ಅಷ್ಟೇಕೆ, ಗಂಡಸು ಹಾಕಿ ಬಿಟ್ಟ ಟೀ-ಶರ್ಟ್ ಇದ್ದರೂ ಇಲಿಗಳು ನೋವು ಕಡಿಮೆ ತೋರಿಸುತ್ತವೆ. ಆ ವಾಸನೆಯಿಂದಾಗುವ ಹೆದರಿಕೆ, ಒತ್ತಡವೇ ನೋವನ್ನು ತಗ್ಗಿಸುತ್ತದೆ. ಹೆಂಗಸರ ಟೀ-ಶರ್ಟಿಗೆ ಹಾಗಾಗಲಿಲ್ಲ. ಹಳೆಯ ಎಷ್ಟು ಪ್ರಯೋಗಗಳಲ್ಲಿ ಯಾರು ಇಲಿ ಹಿಡಿದಿದ್ದರು ಎಂದು ಈಗ ಹುಡುಕುವವರು ಯಾರು!

ಇಷ್ಟೆಲ್ಲ ನೋವು ಕೊಡುವುದು ಸರಿಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರತಿ ಸಂಸ್ಥೆಯ ನೈತಿಕ ಸಮಿತಿ ಒಪ್ಪಿದರಷ್ಟೇ ಪ್ರಯೋಗ ಮಾಡಬಹುದು. ಇಲಿಯ ಬದಲು ಬೇರೆ ದಾರಿ ಇದೆಯೇ, ಕಡಿಮೆ ಇಲಿ ಸಾಕೇ, ನೋವು ತಗ್ಗಿಸಬಹುದೇ ಎಂದು ಅಲ್ಲಿ ಕೇಳಬೇಕು. ಇಲಿ ನುಲಿಯುವುದನ್ನು ಎಣಿಸುವ ಪರೀಕ್ಷೆ ಈ ಮೂರು ಪ್ರಶ್ನೆ ದಾಟಬಾರದು ಎನ್ನುವುದು ನನ್ನ ಅಭಿಪ್ರಾಯ.

ರಾಯಚೂರಿನಂಥ ಪ್ರಕರಣಕ್ಕೆ ಅತಿ ಹತ್ತಿರದ ಪ್ರಯೋಗ ನಡೆದದ್ದು ಬೆಲ್ಜಿಯಂನ ಲ್ಯುವೆನ್‌ನಲ್ಲಿ. ಪ್ರಕಟವಾದದ್ದು 2021ರಲ್ಲಿ. ಅಲ್ಲಿ ರಾಸಾಯನಿಕ ಬಳಸಲಿಲ್ಲ, ಇಲಿಗಳಿಗೆ ನಿಜವಾದ ಸೋಂಕನ್ನೇ ಕೊಟ್ಟರು. ಸಿಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಇ-ಕೋಲಿಯ ನೆಂಟ ಅದು. ಸೋಂಕು ಇರುವಾಗಲೇ ಮೊಟ್ಟೆಯ ಬಿಳಿಭಾಗದ ಪ್ರೋಟೀನನ್ನೂ ಕೊಟ್ಟರು. ಸೋಂಕು ಹೋಯಿತು. ವಾರಗಳ ನಂತರ ಅದೇ ಪ್ರೋಟೀನ್ ಕೊಟ್ಟರೆ ಕರುಳು ನೋಯತೊಡಗಿತು. ಸೋಂಕು ಇಲ್ಲದೆ ಪ್ರೋಟೀನ್ ತಿಂದವಕ್ಕೆ ಏನೂ ಆಗಲಿಲ್ಲ. ಬ್ಯಾಕ್ಟೀರಿಯಾದ ಗದ್ದಲದ ನಡುವೆ ಕರುಳು ಆ ಆಹಾರವನ್ನೂ ಶತ್ರು ಎಂದು ಬರೆದಿಟ್ಟುಕೊಂಡಿತ್ತು. ಅದು ಮತ್ತೆ ಬಂದಾಗ ಕರುಳಿನ ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಕೆರಳುವ ರಕ್ಷಣಾ ಕೋಶಗಳು) ಹಿಸ್ಟಮಿನ್ ಎಂಬ ರಾಸಾಯನಿಕ ಸುರಿದು ನರಗಳನ್ನು ಕೆರಳಿಸುತ್ತಿದ್ದವು. ರಕ್ತದಲ್ಲಿ ಅಲರ್ಜಿಯ ಸುಳಿವಿಲ್ಲ, ಎಲ್ಲ ಕರುಳಿನೊಳಗೇ. ಆಮೇಲೆ 12 ಐಬಿಎಸ್ ರೋಗಿಗಳ ಕರುಳಿನ ಗೋಡೆಗೆ ಗೋಧಿ, ಹಾಲು, ಸೋಯಾಗಳ ಸಾರವನ್ನು ಸೂಜಿಯಲ್ಲಿ ಹಾಕಿ ನೋಡಿದರು. 12 ಮಂದಿಯಲ್ಲೂ ಒಂದಲ್ಲ ಒಂದಕ್ಕೆ ಊತ ಬಂತು. ಆರೋಗ್ಯವಂತ 8 ಮಂದಿಯಲ್ಲಿ ಇಬ್ಬರಿಗೆ ಮಾತ್ರ.

ಹಾಗಾದರೆ ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆ ಸಾಕಲ್ಲವೇ? ಎಬಾಸ್ಟಿನ್ ಎಂಬ ಮಾತ್ರೆಯನ್ನು ಇನ್ನೂರು ಜನರ ಮೇಲೆ 12 ವಾರ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಬಂತು. ನೋವೂ ಒಟ್ಟು ತೊಂದರೆಯೂ ಎರಡೂ ತಗ್ಗಿದ್ದು ನೂರಕ್ಕೆ 12 ಮಂದಿಗೆ. ಔಷಧವಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಅದು ನೂರಕ್ಕೆ 4. ಫಲ ಇದೆ, ಆದರೆ ಸಣ್ಣದು. ಲ್ಯುವೆನ್ನಿನ ಇಲಿಗಳೆಲ್ಲ ಒಂದೇ ತಳಿಯವು, ಅವಕ್ಕೆ ತಗುಲಿದ ಸೋಂಕು ಒಂದೇ, ಶತ್ರುವಾದ ಆಹಾರವೂ ಒಂದೇ. ರೋಗಿಗಳಲ್ಲಿ ಯಾರ ಕರುಳು ಯಾವ ಸೋಂಕಿನ ಹೊತ್ತಿಗೆ ಏನು ತಿಂದಿತ್ತು, ಯಾರ ನೋವಿಗೆ ಹಿಸ್ಟಮಿನ್ ಕಾರಣವೇ ಅಲ್ಲ ಎಂದು ವಿಂಗಡಿಸಿಕೊಂಡು ಆ ಪರೀಕ್ಷೆ ಮಾಡಿರಲಿಲ್ಲ.